ಮಾವನ ವಿಮಾನ, ನನ್ನ ರೆಕ್ಕೆ

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಮಿಕ್ಕೆಲ್ಲವೂ ನಡೆಯುತ್ತಿದ್ದ ಕಾಲದ ಸಂಕಟ ಇದು. ನಾನು ತಟ್ಟೆ ಹಿಡಿದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಿದ್ದೆ. ನನ್ನವಳು ಸೋಫಾದ ಕೈಯ ಮೇಲೆ ಕೂತು ಉಣ್ಣುತ್ತಿದ್ದಳು. ಮೇಜಿನ ಮೇಲೆ ಮಾತ್ರ ಒಂದು ರೆಕ್ಕೆ, ಮೈತುಂಬ ಗುಂಡುಸೂಜಿ ಚುಚ್ಚಿಸಿಕೊಂಡು, ಮಹಾರಾಜರ ಗತ್ತಿನಲ್ಲಿ ಅಂಗಾತ ಮಲಗಿತ್ತು. ಆ ಮೇಜನ್ನು ಯಾರೂ ಮುಟ್ಟುವ ಹಾಗಿಲ್ಲ, ಅದಕ್ಕೆ ಒರಗುವ ಹಾಗಿಲ್ಲ, ಅದರ ಹತ್ತಿರ ಸೀನುವ ಹಾಗಂತೂ ಇಲ್ಲವೇ ಇಲ್ಲ. (ನಾನು ಒಮ್ಮೆ ಸೀನಿದೆ. ಅಂದಿನಿಂದ ಸೀನು ಬಂದರೆ ಬಾಲ್ಕನಿಗೆ ಓಡುವುದನ್ನು ರೂಢಿ ಮಾಡಿಕೊಂಡೆ.)

ಇದಕ್ಕೆಲ್ಲ ಕಾರಣ ನನ್ನ ಮಾವ. ಅಲ್ಲ, ತಪ್ಪಾಯಿತು, ಕಾರಣ ಅವರ ಮಗಳು.

ಮಾವ ಹೆಸರುವಾಸಿ ಮೂಳೆ ಡಾಕ್ಟರು. ಅವರು ಕೂಡಿಸಿದ ಕೈಕಾಲುಗಳು ಇಂದಿಗೂ ನಮ್ಮ ಬೀದಿಯಲ್ಲಿ ಓಡಾಡಿಕೊಂಡಿವೆ. ಆಸ್ಪತ್ರೆಯಿಂದ ಬಂದು ಬಿಡುವಾದಾಗ ಅವರು ರೇಡಿಯೊ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನಗಳನ್ನು ಕಟ್ಟುತ್ತಿದ್ದರು. ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಮೊದಲು ಆಪರೇಷನ್ ನಿಂತಿತು, ಆಮೇಲೆ ವಿಮಾನ ನಿಂತಿತು, ಕೊನೆಗೆ ಮಾತೂ ನಿಂತಿತು. ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಕರೆದರೆ ಊಟಕ್ಕೆ ಬರುವರು, ಕರೆಯದಿದ್ದರೆ ಇಲ್ಲ.

ಅಂಥದ್ದರಲ್ಲಿ ನನ್ನವಳಿಗೆ ಒಂದು ಭಾನುವಾರ ಜ್ಞಾನೋದಯವಾಯಿತು.

"ರೀ, ಅಪ್ಪನ ಟ್ರಂಕಿನಲ್ಲಿ ಬಿಚ್ಚದೇ ಇರೋ ಒಂದು ವಿಮಾನದ ಕಿಟ್ ಇದೆ."

"ಇರ್ಲಿ ಬಿಡು. ಟ್ರಂಕಿನಲ್ಲಿ ಇದ್ದಷ್ಟು ಕಾಲ ಅದು ಬೀಳಲ್ಲ."

"ಅಪ್ಪನಿಗೆ ತಲೆ ಇದೆ, ಕೈ ಇಲ್ಲ."

ಮಾತು ಎತ್ತ ಹೊರಟಿದೆ ಎಂಬುದು ಗೊತ್ತಾಗಿ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ.

"ನಿಮಗೆ ಕೈ ಇದೆ," ಎಂದಳು. ಅಲ್ಲಿಗೇ ನಿಲ್ಲಿಸಿದಳು. (ಉಳಿದರ್ಧ ವಾಕ್ಯವನ್ನು ನುಂಗಿಕೊಳ್ಳುವುದು ಅವಳ ದೊಡ್ಡ ಗುಣ.)

ಹೇಳುವುದು ಮರೆತೆ, ನಾನು ಲಿಫ್ಟ್ ಇನ್‌ಸ್ಪೆಕ್ಟರ್. ಕಟ್ಟಡ ಕಟ್ಟಡಕ್ಕೂ ಹೋಗಿ, ಅಲ್ಲಿನ ಲಿಫ್ಟಿನಲ್ಲಿ ಮೇಲೆ ಹತ್ತಿ ಕೆಳಗಿಳಿದು, 'ಸುರಕ್ಷಿತ' ಎಂದು ಸಹಿ ಹಾಕುವವನು. ಮದುವೆಯ ಮಾತುಕತೆಯ ದಿನ ಮಾವ ನನ್ನ ಕೆಲಸವೇನೆಂದು ಕೇಳಿದಾಗ, "ಜನರನ್ನ ಮೇಲಕ್ಕೆ ಕಳಿಸೋದು" ಎಂದು ತಮಾಷೆ ಮಾಡಿದ್ದೆ. ಡಾಕ್ಟರ ಎದುರು ಆ ತಮಾಷೆ ಮಾಡಬಾರದೆಂದು ಆಗ ನನಗೆ ತೋಚಲಿಲ್ಲ. ಅಂದಿನಿಂದ ಆ ಮನೆತನದಲ್ಲಿ ನನಗೆ ಅಷ್ಟಾಗಿ ಲಿಫ್ಟ್ ಸಿಕ್ಕಿಲ್ಲ.

ಸರಿ, ಪೆಟ್ಟಿಗೆ ಬಿಚ್ಚಿದೆವು. ಒಳಗೆ ಬಾಲ್ಸಾ ಎಂಬ, ಊದಿದರೆ ಹಾರಿಹೋಗುವಷ್ಟು ಹಗುರಾದ ಮರದ ಕಡ್ಡಿಗಳು, ತೆಳು ಹಲಗೆಗಳು, ಮಡಿಸಿಟ್ಟ ಒಂದು ದೊಡ್ಡ ನಕ್ಷೆ. ಊಟದ ಮೇಜಿನ ಮೇಲೆ ಮೆತ್ತನೆಯ ಬೋರ್ಡು ಹಾಸಿ, ಅದರ ಮೇಲೆ ನಕ್ಷೆ ಹರಡಿ, ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹೊದಿಸಿದ್ದಾಯಿತು. ನಕ್ಷೆಯ ಗೆರೆಯ ಮೇಲೇ ಕಡ್ಡಿಗಳನ್ನಿಟ್ಟು, ಸೂಜಿ ಚುಚ್ಚಿ ನಿಲ್ಲಿಸಿ, ಅಂಟಿಸುತ್ತ ಹೋದರೆ ರೆಕ್ಕೆಯಾಗುತ್ತದೆ. ಕೇಳುವುದಕ್ಕೆ ಇಷ್ಟೇ.

ಮಾವ ಕುರ್ಚಿ ಎಳೆಸಿಕೊಂಡು ಮೇಜಿನ ತಲೆದೆಸೆಯಲ್ಲಿ ಕೂತರು.

"ನೋಡಿ ಅಳಿಯಂದ್ರೇ, ಈ ಉದ್ದದ ಕಡ್ಡಿ ಬೆನ್ನೆಲುಬು. ಇವೆಲ್ಲ ಪಕ್ಕೆಲುಬು. ಬೆನ್ನೆಲುಬೇ ಗಟ್ಟಿ ಇಲ್ದಿದ್ರೆ ಮಿಕ್ಕಿದ್ದೆಲ್ಲ ದಂಡ."

ಅಡುಗೆಮನೆಯಿಂದ ನನ್ನವಳು ನಕ್ಕದ್ದು ಕೇಳಿಸಿತು. ಯಾಕೆ ನಕ್ಕೆ ಎಂದು ನಾನು ಕೇಳಲು ಹೋಗಲಿಲ್ಲ.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ನನ್ನನ್ನು ಎಂದೂ ಏಕವಚನದಲ್ಲಿ ಬೈದವರಲ್ಲ. "ತಾವು ಏನು ಮಾಡ್ತಿದ್ದೀರಿ ಅನ್ನೋದು ತಮಗೆ ಗೊತ್ತಿದೆಯೇ ಅಳಿಯಂದ್ರೇ?" ಎಂದು ಅವರು ಮೃದುವಾಗಿ ಕೇಳಿದರೆ, "ಏ ಗೂಬೆ" ಎನ್ನಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಸಂಜೆ ನಾನು ಕೆಲಸದಿಂದ ಬಂದು ಶೂ ಬಿಚ್ಚುವುದರೊಳಗೆ ಹಾಲ್ ಆಪರೇಷನ್ ಥಿಯೇಟರ್ ಆಗಿರುತ್ತಿತ್ತು. ಮೇಜಿನ ಮೇಲೆ ದೀಪ. ಪಕ್ಕದಲ್ಲಿ ನರ್ಸಿನಂತೆ ನನ್ನವಳು. ಮಾವ "ಬ್ಲೇಡ್" ಅನ್ನುವರು, ಅವಳು ನನ್ನ ಕೈಗಿಡುವಳು. "ಅಂಟು" ಅನ್ನುವರು, ಇಡುವಳು. "ಬೆವರು" ಅನ್ನುವರು, ನನ್ನ ಹಣೆ ಒರಸುವಳು. (ಮದುವೆಯಾದಾಗಿನಿಂದ ಅವಳು ನನ್ನ ಹಣೆ ಒರಸಿದ್ದು ಅದೇ ಮೊದಲು. ಆದರೆ ಬೆವರು ರೆಕ್ಕೆಯ ಮೇಲೆ ಬೀಳಬಾರದೆಂಬುದೇ ಅದರ ಕಾರಣ.)

ಒಂದು ದಿನ ಪಕ್ಕೆಲುಬೊಂದನ್ನು ಅದರ ಜಾಗದಲ್ಲಿ ಕೂರಿಸುವಾಗ 'ಟಕ್' ಎಂದಿತು. ಮೂವರೂ ಉಸಿರು ಬಿಗಿಹಿಡಿದೆವು. ಮರ ಎರಡು ತುಂಡಾಗಿ ನನ್ನ ಬೆರಳ ಮಧ್ಯೆ ಇತ್ತು.

"ಬೇರೆ ಇದೆಯೇನಪ್ಪಾ?" ಎಂದು ನನ್ನವಳು ಪಿಸುಗುಟ್ಟಿದಳು.

"ಎಷ್ಟು ಬೇಕೋ ಅಷ್ಟೇ ಕೊಟ್ಟಿರ್ತಾರೆ," ಎಂದರು ಮಾವ. ಆಮೇಲೆ ಕುರ್ಚಿಯಿಂದ ಮುಂದಕ್ಕೆ ಬಾಗಿ ಆ ತುಂಡುಗಳನ್ನು ನೋಡಿದರು. ಬಹಳ ದಿನಗಳ ಮೇಲೆ ಅವರ ಕಣ್ಣಿಗೆ ಜೀವ ಬಂದಿತ್ತು. "ಸುಲಭದ ಮುರಿತ. ಎರಡು ಕಡೆ ಪಟ್ಟಿ ಕಟ್ಟೋಣ. ಎಲ್ಲಿ, ನಿಮ್ಮ ಕೈ ಕೊಡಿ."

ಅವರು ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ನಡುಗುವ ಅವರ ಕೈ, ಹೆದರಿ ನಡುಗುವ ನನ್ನ ಕೈ, ಎರಡೂ ಸೇರಿ ಅದು ಹೇಗೆ ನಿಂತವೋ, ಮುರಿದ ಮೂಳೆ ಕೂಡಿಕೊಂಡಿತು. ಆ ರಾತ್ರಿ ಮಾವ ಯಾರೂ ಕರೆಯದೆ ಊಟಕ್ಕೆ ಬಂದರು, ಎರಡನೇ ಸಲ ಬಡಿಸಿಕೊಂಡರು. ನನ್ನವಳು ಪಾತ್ರೆ ತೊಳೆಯುವ ನೆಪದಲ್ಲಿ ಬಹಳ ಹೊತ್ತು ನಲ್ಲಿಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು.

ಅಲ್ಲಿಂದ ನನಗೆ ನಿಜವಾದ ಭಯ ಶುರುವಾಯಿತು. ಮರ ಮುರಿದರೆ ಕೂಡಿಸಬಹುದು. ಆದರೆ ಈಗ ಆ ಮುದುಕರ ಊಟ, ನಿದ್ದೆ, ಮಾತು ಎಲ್ಲವೂ ಆ ರೆಕ್ಕೆಯ ಮೇಲೆ ಕೂತಿದ್ದವು. ರೆಕ್ಕೆ ನನ್ನ ಕೈಯಲ್ಲಿತ್ತು. ನನ್ನ ಕೈ ಎಂಥದ್ದೆಂದು ನನಗೊಬ್ಬನಿಗೇ ಗೊತ್ತಿತ್ತು.

ಅಂತೂ ಎಡ ರೆಕ್ಕೆ ಮುಗಿಯಿತು. ಮೇಲ್ಭಾಗ ಉಬ್ಬು, ಕೆಳಭಾಗ ಚಪ್ಪಟೆ, ಮುಂದಿನ ಅಂಚು ದಪ್ಪ, ಹಿಂದಿನದು ತೆಳು. ಸೂಜಿಗಳನ್ನು ಕಿತ್ತು ಮೇಲೆತ್ತಿದರೆ ಭಾರವೇ ಇಲ್ಲ. ಮಾವ ಅದರ ಮೇಲೆ ಅಂಗೈ ಆಡಿಸಿ, "ಪರವಾಗಿಲ್ಲ," ಎಂದರು. ಅವರ ಬಾಯಲ್ಲಿ ಅದು ಪದವಿ ಪ್ರದಾನ. ಆಫೀಸಿನಲ್ಲಿ ಮೂರ್ನಾಲ್ಕು ಜನರಿಗೆ ಹೇಳಿದೆ.

ಮಾರನೆಯ ದಿನ ನನಗೆ ರಜೆ. ನನ್ನವಳು ಮಾವನನ್ನು ಕೈ ತೋರಿಸಲು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಅಲ್ಲಿ ಬೆಳಿಗ್ಗೆ ಹೋದವರು ಸಂಜೆ ಬರಬೇಕು. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಗ್ಯಾಸ್ ಆಫ್ ಮಾಡಿ, ಬಟ್ಟೆ ಒಳಗೆ ತನ್ನಿ, ಮೇಜು ಮುಟ್ಟಬೇಡಿ," ಎಂದಳು.

ನಾನು ಗ್ಯಾಸ್ ಆಫ್ ಮಾಡಿದೆ. ಬಟ್ಟೆ ಒಳಗೆ ತಂದೆ.

ಮೇಜಿನ ಮುಂದೆ ನಿಂತಾಗ ಒಂದು ಯೋಚನೆ ಬಂತು. ಇಬ್ಬರೂ ದಣಿದು ಬರುತ್ತಾರೆ. ಬಂದು ನೋಡಿದರೆ ಬಲ ರೆಕ್ಕೆ ಸಿದ್ಧ! ಯಾರ ಸಹಾಯವೂ ಇಲ್ಲದೆ! ಮಾವನ ಹುಬ್ಬು ಹೇಗೆ ಮೇಲೇರಬಹುದೆಂದು ಊಹಿಸಿಕೊಂಡೇ ನನಗೆ ಎದೆ ಉಬ್ಬಿತು. ಪಕ್ಕೆಲುಬುಗಳು ಸಿದ್ಧವಾಗಿದ್ದವು, ನಕ್ಷೆ ಮೇಜಿನ ಮೇಲೇ ಇತ್ತು, ಕ್ರಮವೆಲ್ಲ ಬಾಯಿಪಾಠವಾಗಿತ್ತು. ತೊಡಕೆಂದರೆ ಅಂಟು. ಮಾವ ಬಳಸಿಸುತ್ತಿದ್ದ ಬಿಳಿ ಅಂಟು ಒಣಗಲು ಒಂದು ಯುಗ ಬೇಕು. ಆದರೆ ಪೆಟ್ಟಿಗೆಯ ಮೂಲೆಯಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಹಿಡಿಯುವ ಇನ್ನೊಂದು ಅಂಟಿನ ಸೀಸೆಯೂ ಇತ್ತು. "ಅದು ಮದುವೆ ಇದ್ದ ಹಾಗೆ ಅಳಿಯಂದ್ರೇ, ಹಿಡಿದ ಮೇಲೆ ನೋಡಿ ಪ್ರಯೋಜನ ಇಲ್ಲ," ಎಂದು ಮಾವ ನನ್ನನ್ನೇ ನೋಡುತ್ತ ಹೇಳಿ ಪಕ್ಕಕ್ಕೆ ಇಡಿಸಿದ್ದರು.

ನಾನು ಅದನ್ನೇ ತೆಗೆದುಕೊಂಡೆ.

ಆ ದಿನ ನಾನು ಕೆಲಸ ಮಾಡಿದ ಹಾಗೆ ಹಿಂದೆಂದೂ ಮಾಡಿಲ್ಲ. ಊಟ ಮರೆತೆ. ಫೋನು ಮರೆತೆ. ಒಂದೇ ಒಂದು ಪಕ್ಕೆಲುಬೂ ಮುರಿಯಲಿಲ್ಲ, ಒಂದು ತೊಟ್ಟು ಅಂಟೂ ಅತ್ತಿತ್ತ ಹರಿಯಲಿಲ್ಲ. ಬಿಸಿಲು ಕಿಟಕಿಯಿಂದ ಜಾರಿ ಗೋಡೆ ಹತ್ತುವ ಹೊತ್ತಿಗೆ ಕೊನೆಯ ಕಡ್ಡಿಯೂ ಕೂತಿತು. ಸೂಜಿ ಕಿತ್ತು ಎತ್ತಿದೆ. ನೆಟ್ಟಗೆ, ಹಗುರವಾಗಿ, ಸ್ವಲ್ಪವೂ ತಿರುಚಿಕೊಳ್ಳದೆ ಬಂತು. ಒಬ್ಬನೇ ಇದ್ದರೂ, "ಭಲೇ!" ಎಂದು ಗಟ್ಟಿಯಾಗಿ ಹೇಳಿಕೊಂಡೆ.

ಎಡಗೈಯಲ್ಲಿ ಹಳೆಯದನ್ನು, ಬಲಗೈಯಲ್ಲಿ ಹೊಸದನ್ನು ಹಿಡಿದು, ಬುಡಕ್ಕೆ ಬುಡ ತಾಗಿಸಿ ನೋಡಿದೆ.

ಏನೋ ಸರಿ ಕಾಣಲಿಲ್ಲ. ಹಳೆಯದರ ದಪ್ಪ ಅಂಚು ಮುಂದಕ್ಕಿದ್ದರೆ ಹೊಸದರ ದಪ್ಪ ಅಂಚು ಹಿಂದಕ್ಕಿತ್ತು. ಕೈ ಬದಲಾಯಿಸಿದೆ. ಈಗ ಹೊಸದು ಸರಿಯಾಯಿತು, ಹಳೆಯದು ಹಿಂದಾಯಿತು. ಮೇಜಿನ ಈ ಕಡೆಯಿಂದ ಆ ಕಡೆಗೆ ಹೋಗಿ ನೋಡಿದೆ. ಕುರ್ಚಿ ಹತ್ತಿ ಮೇಲಿನಿಂದ ನೋಡಿದೆ. ನಕ್ಷೆಯ ಕಡೆ ಬಗ್ಗಿದಾಗ ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದು ಕಂಡಿತು: 'ಎಡ ರೆಕ್ಕೆ. ಬಲ ರೆಕ್ಕೆಗೆ ಈ ನಕ್ಷೆಯ ಮೇಲೆ ಎಣ್ಣೆ ಸವರಿ, ಮಗುಚಿ, ಹಿಂಬದಿಯಿಂದ ಕಾಣುವ ಗೆರೆ ಬಳಸಿ.'

ನಾನು ಎಡಗಾಲಿನ ಚಪ್ಪಲಿ ಹೊಲಿದು ಮುಗಿಸಿ, ಅದರ ಜೋಡಿಗೆ ಇನ್ನೊಂದು ಎಡಗಾಲಿನ ಚಪ್ಪಲಿ ಹೊಲಿದಿದ್ದೆ.

ಕುರ್ಚಿಯಿಂದ ಇಳಿದೆ. ಹೊಸ ರೆಕ್ಕೆಯ ಒಂದು ಪಕ್ಕೆಲುಬನ್ನು ಉಗುರಿನಿಂದ ಎಬ್ಬಿಸಲು ನೋಡಿದೆ. ಮರ ನರಳಿತೇ ಹೊರತು ಅಂಟು ಬಿಡಲಿಲ್ಲ. ಪೆಟ್ಟಿಗೆಯಲ್ಲಿ ರೆಕ್ಕೆಗೆಂದು ಬೇರೆ ಮರವೂ ಉಳಿದಿರಲಿಲ್ಲ. ಆಗಲೇ ಫೋನು ಬಡಿದುಕೊಂಡಿತು.

"ಹೊರಟ್ವಿ," ಎಂದಳು ನನ್ನವಳು. ದನಿ ತಗ್ಗಿಸಿದ್ದಳು. "ನಡುಕ ಇನ್ನು ಕಮ್ಮಿ ಆಗಲ್ಲ ಅಂದ್ಬಿಟ್ರು ರೀ. ಅಪ್ಪ ಏನೂ ಮಾತಾಡ್ತಿಲ್ಲ. ಆಸ್ಪತ್ರೆ ಮೆಟ್ಟಿಲಿಳೀವಾಗ ಒಂದೇ ಮಾತು ಆಡಿದ್ದು, ಹೋಗಿ ಬಲ ರೆಕ್ಕೆ ಶುರು ಮಾಡ್ಬೇಕು ಅಂತ. ಅದೊಂದೇ ಈಗ ಅವರಿಗೆ ಇರೋದು." ಸ್ವಲ್ಪ ತಡೆದು, "ಮೇಜು ಮುಟ್ಟಿಲ್ಲ ತಾನೇ?"

"ಛೇ ಛೇ," ಎಂದೆ.

"ಛೇ ಅಂದ್ರೆ ಮುಟ್ಟಿಲ್ಲ ಅಂತಾನೋ, ಮುಟ್ಟಿ ಏನೋ ಆಯ್ತು ಅಂತಾನೋ?"

"ಲೈನ್ ಸರಿ ಇಲ್ಲ," ಎಂದು ಫೋನಿಟ್ಟೆ.

ಹೆದರಿದವನ ತಲೆ ಬಲು ಚುರುಕು. ಹೊಸ ರೆಕ್ಕೆಯನ್ನು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡಿ ಮಗುಚಿ ಹಾಕಿದೆ. ಆಹಾ! ದಪ್ಪ ಅಂಚು ಮುಂದಕ್ಕೆ ಬಂತು. ಮೇಲಿನಿಂದ ನೋಡಿದರೆ ಸಾಕ್ಷಾತ್ ಬಲ ರೆಕ್ಕೆ! ಉಬ್ಬಿರಬೇಕಾದ ಕಡೆ ಚಪ್ಪಟೆ, ಚಪ್ಪಟೆ ಇರಬೇಕಾದ ಕಡೆ ಉಬ್ಬು, ಅದೊಂದನ್ನು ಬಿಟ್ಟರೆ ಮತ್ತೇನೂ ಕೊರತೆಯಿಲ್ಲ. ಈ ರಾತ್ರಿ ಒಂದು ಕಳೆದರೆ ಸಾಕು. ನಾಳೆ ಅವರು ಚೇತರಿಸಿಕೊಂಡ ಮೇಲೆ ನಿಧಾನವಾಗಿ ಹೇಳಿದರಾಯಿತು. ಎರಡೂ ರೆಕ್ಕೆಗಳ ಮೇಲೆ ಟವೆಲ್ ಹೊದಿಸಿ, ಹಾಲಿನ ದೀಪ ಆರಿಸಿ, ಸೋಫಾದಲ್ಲಿ ಕೂತು ಪೇಪರ್ ಬಿಡಿಸಿದೆ. (ಪೇಪರ್ ತಲೆಕೆಳಗಾಗಿತ್ತೆಂದು ಆಮೇಲೆ ನನ್ನವಳು ಹೇಳಿದಳು. ಆ ದಿನ ನನ್ನ ಕೈಲಿ ಎಲ್ಲವೂ ಹಾಗೇ.)

ಬಾಗಿಲು ತೆರೆಯಿತು. ಮಾವ ಬಂದರು. ಒಂದೇ ದಿನಕ್ಕೆ ಕುಗ್ಗಿಹೋದ ಹಾಗಿದ್ದರು. ಕಿಟಕಿಯ ಪಕ್ಕದ ಕುರ್ಚಿಗೆ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಮೇಜಿನ ಹತ್ತಿರ ಬಂದು ನಿಂತರು.

"ದೀಪ ಹಾಕಮ್ಮ."

"ಅಪ್ಪಾ, ಸುಸ್ತಾಗಿದೀರಿ, ಸ್ವಲ್ಪ..."

"ಹೌದು ಮಾವ," ಎಂದು ನಾನೂ ಎದ್ದೆ, "ಸ್ವಲ್ಪ ಮಲಗಿ. ರೆಕ್ಕೆನೂ ಮಲಗಿದೆ."

"ಟವೆಲ್ ಯಾಕೆ?"

"ಧೂಳು ಅಂತ."

"ತೆಗೀರಿ."

ತೆಗೆದೆ. ಮೇಜಿನ ಮೇಲೆ ಎರಡು ರೆಕ್ಕೆ ಇದ್ದದ್ದನ್ನು ಕಂಡು ನನ್ನವಳು ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ಮೊದಲು ಅರಳಿತು. ನನ್ನ ಮುಖ ನೋಡಿದ ಮೇಲೆ ಕಿರಿದಾಯಿತು. ಮಾವ ಕುರ್ಚಿಯಲ್ಲಿ ಕೂತು, ಬಲಗೈಯನ್ನು ಎಡಗೈಯಿಂದ ಬಿಡಿಸಿ, ಹೊಸ ರೆಕ್ಕೆಯ ಮೇಲೆ ಇಟ್ಟರು. ಆ ಕೈ ನಡುಗುತ್ತಿತ್ತು. ಅದರಡಿಯಲ್ಲಿ ರೆಕ್ಕೆಯೂ ನಡುಗುತ್ತಿತ್ತು. ನಾನಂತೂ ಕೇಳಲೇಬೇಡಿ. ಬೆರಳುಗಳು ತುದಿಯಿಂದ ಬುಡದ ಕಡೆಗೆ ಒಂದೊಂದೇ ಪಕ್ಕೆಲುಬನ್ನು ಮುಟ್ಟುತ್ತ ಬಂದವು. ನಡುವೆ ಒಂದು ಕಡೆ ನಿಂತವು. ಹಿಂದಕ್ಕೆ ಹೋದವು. ಮತ್ತೆ ಬಂದವು.

"ಅಳಿಯಂದ್ರೇ."

"ಮಾವ."

"ಇದನ್ನ ಮಗುಚಿ."

"ಹೀಗೇ ಚೆನ್ನಾಗಿದೆ ಮಾವ."

"ಮಗುಚಿ."

ಮಗುಚಿದೆ. ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಎಡ ರೆಕ್ಕೆಗಳು, ಒಂದೇ ಬಸ್ಸಿಗೆ ಸಾಲು ನಿಂತ ಅವಳಿ ಸೋದರರಂತೆ, ಒಂದೇ ದಿಕ್ಕಿಗೆ ತಿರುಗಿ ಬಿದ್ದುಕೊಂಡಿದ್ದವು. ಮಾವ ಅವನ್ನೇ ನೋಡುತ್ತ ಕೂತರು. ನಾನು ಅವರನ್ನೇ ನೋಡುತ್ತ ನಿಂತೆ. ಗಡಿಯಾರ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಟಿಕ್ ಟಿಕ್ ಅನ್ನುತ್ತಿತ್ತು.

ಆಗ ಅವರ ಭುಜ ನಡುಗಲು ಶುರುವಾಯಿತು. ಕೈಯಲ್ಲ, ಭುಜ. ಆಮೇಲೆ ತಲೆ. ಆಮೇಲೆ ಇಡೀ ಕುರ್ಚಿ.

"ಅಪ್ಪಾ!" ನನ್ನವಳು ಕೂಗಿದಳು. "ರೀ, ಏನ್ ನೋಡ್ತಾ ನಿಂತಿದೀರಿ, ನೀರು ತನ್ನಿ! ಡಾಕ್ಟ್ರಿಗೆ ಫೋನ್ ಮಾಡಿ!"

ಕೊಂದೆ, ನಾನೇ ಕೊಂದೆ ಎಂದುಕೊಂಡು ನಾನು ಅಡುಗೆಮನೆಗೆ ನುಗ್ಗಿ, ಲೋಟದ ಬದಲು ಜರಡಿ ಹಿಡಿದು ನಲ್ಲಿ ತಿರುಗಿಸಿದೆ. ಅಷ್ಟರಲ್ಲಿ ಹಾಲ್ ಕಡೆಯಿಂದ ಒಂದು ಶಬ್ದ ಬಂತು. ಆ ಮನೆಯಲ್ಲಿ ನಾನು ಹಿಂದೆಂದೂ ಕೇಳದ ಶಬ್ದ. ಓಡಿಬಂದು ನೋಡಿದರೆ ಮಾವ ನಗುತ್ತಿದ್ದರು. ಕಣ್ಣಲ್ಲಿ ನೀರು, ಮಾತಿಗೆ ಉಸಿರಿಲ್ಲ.

"ನನ್ನ ಸರ್ವೀಸಿನಲ್ಲಿ," ಎಂದರು, ಮತ್ತೆ ನಕ್ಕರು. "ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ, ಬಲಗಾಲಿನ ಜಾಗಕ್ಕೆ ಎಡಗಾಲು ಕೂರಿಸಿದ ಒಂದು ಕೇಸೂ ನೋಡಿರ್ಲಿಲ್ಲಮ್ಮ! ಅದನ್ನ ಮುಚ್ಚಿಡೋಕೆ ಪೇಷಂಟನ್ನ ಬೋರಲು ಮಲಗಿಸಿದ್ದಾರೆ ನೋಡು!"

"ಎರಡೂ ಎಡವೇ?" ಎಂದು ನನ್ನವಳು ನನ್ನ ಕಡೆ ತಿರುಗಿದಳು. "ಮೇಜು ಮುಟ್ಟಬೇಡಿ ಅಂತ ಅಲ್ವೇನ್ರೀ ಹೇಳಿ ಹೋಗಿದ್ದು?"

"ಬಿಡಮ್ಮ, ಬೈಬೇಡ," ಎಂದು ಮಾವ ಕಣ್ಣೊರಸಿಕೊಂಡರು. "ಬೆಳಿಗ್ಗೆಯಿಂದ ಎಲ್ಲ ಡಾಕ್ಟ್ರೂ ನನ್ನ ಕೈ ನೋಡಿ ನೋಡಿ ತಲೆ ಆಡಿಸ್ತಿದ್ರು. ನನಗೂ ಬೇಜಾರಾಗಿತ್ತು. ಈ ಮನೇಲಿ ನನ್ನದಕ್ಕಿಂತ ಕೆಟ್ಟ ಕೈ ಒಂದಿದೆ ಅಂತ ಈಗ ಗೊತ್ತಾಯ್ತು."

ನನಗೆ ಹೇಗಾಯಿತೆಂದು ಹೇಳಲಾರೆ. ಅವಮಾನ ಆಗಬೇಕಾಗಿತ್ತು, ಆಯಿತು. ಆದರೆ ಅದರ ಜೊತೆಗೇ ಎದೆಯ ಮೇಲಿನ ಬಂಡೆಯೂ ಇಳಿಯಿತು. ಅವರು ಹೊಸ ರೆಕ್ಕೆಯನ್ನು ಮತ್ತೆ ಮುಟ್ಟಿದರು, ದೀಪಕ್ಕೆ ಹಿಡಿಸಿ ಒಂದು ಕಣ್ಣು ಮುಚ್ಚಿ ಅದರ ನೇರ ನೋಡಿದರು. "ತಮಾಷೆ ಅಲ್ಲ ಅಳಿಯಂದ್ರೇ, ಕೀಲುಗಳೆಲ್ಲ ಬಹಳ ಚೆನ್ನಾಗಿ ಕೂತಿವೆ. ನಾನು ಹೇಳಿ ಮಾಡಿಸಿದ್ದಕ್ಕಿಂತ ಇದೇ ಮೇಲು."

ಇದೇ ಸುಮುಹೂರ್ತ ಅನ್ನಿಸಿತು. ಗೌರವದಿಂದ ನಿವೃತ್ತನಾಗಬೇಕಾದರೆ ಈಗಲೇ ಆಗಬೇಕು. ಮನಸ್ಸಿನಲ್ಲಿ ಆಗಲೇ ಮೇಜು ಖಾಲಿಯಾಗಿ, ನಾನು ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಬಿಸಿಬಿಸಿ ಊಟ ಮಾಡುತ್ತಿದ್ದೆ.

"ಅದು ನಿಮ್ಮ ದೊಡ್ಡತನ ಮಾವ," ಎಂದೆ ತಲೆ ತಗ್ಗಿಸಿ. "ಆದ್ರೆ ಎಡ ಬಲ ಗೊತ್ತಿಲ್ದೋನು ಈ ಕೆಲಸಕ್ಕೆ ಲಾಯಕ್ಕಲ್ಲ. ರೆಕ್ಕೆ ಮರಾನೂ ಮುಗೀತು. ನನಗೂ ದುಃಖನೇ. ಆದ್ರೂ ಇಲ್ಲಿಗೆ ನಿಲ್ಲಿಸಿಬಿಡೋಣ."

"ನಿಲ್ಲಿಸೋದೇ?" ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಯಾಕ್ರೀ ನಿಲ್ಲಿಸ್ಬೇಕು? ಎರಡು ಎಡ ಇದೆ. ಇನ್ನೊಂದು ಕಿಟ್ ತರಿಸಿದ್ರೆ ಎರಡು ಬಲ ಆಗುತ್ತೆ. ಅಲ್ಲಿಗೆ ಎರಡು ವಿಮಾನ! ಒಂದು ನನಗೆ, ಒಂದು ನಿಮಗೆ."

"ತರಿಸ್ದೆ," ಎಂದಳು ನನ್ನವಳು. ನೋಡಿದರೆ ಫೋನು ಅವಳ ಕೈಯಲ್ಲೇ ಇತ್ತು.

ಎರಡು ವಿಮಾನಗಳೆಂದರೆ ರೆಕ್ಕೆಗಳಷ್ಟೇ ಅಲ್ಲ. ಎರಡು ಒಡಲು, ಎರಡು ಬಾಲ, ಎರಡರ ತಂತಿ ಮೋಟಾರು ಎಲ್ಲವೂ ಆಗಬೇಕು. ಒಂದು ಮೇಜಿನ ಮೇಲೆ ಅಷ್ಟೆಲ್ಲ ಹಿಡಿಸದು ಎಂಬುದು ಹೊಸ ಪೆಟ್ಟಿಗೆ ಬಂದ ದಿನವೇ ಎಲ್ಲರಿಗೂ ಮನವರಿಕೆಯಾಯಿತು. ನಾನು ಒಳಗೊಳಗೇ ಸಂತೋಷಪಟ್ಟೆ. ಜಾಗವಿಲ್ಲದಿದ್ದರೆ ಕೆಲಸವಿಲ್ಲ.

"ಸಮತಟ್ಟಾಗಿರೋ ಉದ್ದದ ಹಲಗೆ ಬೇಕಮ್ಮ," ಎಂದರು ಮಾವ. "ಒಂದು ಕೂದಲೆಳೆಯಷ್ಟೂ ಡೊಂಕಿರಬಾರದು. ನನ್ನ ಅನುಭವದಲ್ಲಿ ಅದಕ್ಕೆ ಬಾಗಿಲಿನಷ್ಟು ಒಳ್ಳೇದು ಇನ್ನೊಂದಿಲ್ಲ."

ಮಾರನೆಯ ಸಂಜೆ ಕೆಲಸ ಮುಗಿಸಿ ಬಂದಾಗ ನನ್ನವಳು ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಳು. ನಮ್ಮ ಮಲಗುವ ಕೋಣೆಯ ಬಾಗಿಲು ಹಾಲಿನಲ್ಲಿ, ಎರಡು ಸ್ಟೂಲುಗಳ ಮೇಲೆ, ಅಂಗಾತ ಮಲಗಿತ್ತು. ಅದರ ಪಕ್ಕದಲ್ಲಿ, ಕೋಣೆಗೆ ನೇರ ಎದುರಾಗಿ, ಮಾವನ ಕುರ್ಚಿ.

"ನಮ್ಮ ಬಾಗಿಲೇ ಆಗ್ಬೇಕಿತ್ತೇನೇ?" ಎಂದೆ.

"ಬಾತ್‌ರೂಮಿನದು ತೆಗೀಲಾ?" ಎಂದಳು.

ಈಗ ದಿನವೂ ಬೆಳಕು ಹರಿಯುವ ಹೊತ್ತಿಗೇ ಮಾವ ಎದ್ದು, ಕಾಫಿ ಕುಡಿದು, ಕುರ್ಚಿಯಲ್ಲಿ ಕೂತಿರುತ್ತಾರೆ. ನನಗೂ ಎಚ್ಚರವಾಗಿರುತ್ತದೆ. ಆದರೂ ಗೋಡೆಯ ಕಡೆ ತಿರುಗಿ, ಮುಸುಕೆಳೆದು, ಗೊರಕೆಯನ್ನು ಸಣ್ಣಗೆ ಶುರು ಮಾಡುತ್ತೇನೆ. ಅಲ್ಲಿಂದ ಇಲ್ಲಿಗೆ ತಡೆಯೆಂಬುದೇ ಇಲ್ಲದೆ ಮಾವನ ಮೃದುವಾದ ದನಿ ತೇಲಿಬರುತ್ತದೆ.

"ಅಳಿಯಂದ್ರೇ, ಕಾಲು ಅಲ್ಲಾಡ್ತಿರೋದು ಇಲ್ಲಿಗೆ ಕಾಣಿಸ್ತಿದೆ."